ವೈರಸ್ ಹೊಕ್ಕ ಮನೆಯ ಕಂಪ್ಯೂಟರನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ ಅನುಭವ

ಹತ್ತು ವರ್ಷ ಹಳೆಯದಾದ ಮನೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ, ಅದಕ್ಕೆ ಹೊಸದಾಗಿ ವಿಂಡೋಸ್ ಹಾಕುವ ಕೆಲಸವನ್ನು ಕಳೆದ ವಾರವಷ್ಟೇ ಮುಗಿಸಿದ್ದೇನೆ. ನಾನು ಕಂಪ್ಯೂಟರ್ ವಿಷಯವನ್ನು ಕಲಿತವಳಲ್ಲ. ತೋಟದ ಲೆಕ್ಕ ಬರೆಯುವುದು, ಪಹಣಿ ಮತ್ತು ರಸೀದಿಗಳನ್ನು ಸ್ಕ್ಯಾನ್ ಮಾಡಿ ಇಡುವುದು, ತಾಳಮದ್ದಳೆಯ ಅರ್ಥಗಾರಿಕೆಗೆಂದು ಮಾವನವರು ಮಾಡಿಕೊಂಡಿದ್ದ ಟಿಪ್ಪಣಿಗಳನ್ನು ಟೈಪ್ ಮಾಡುವುದು, ಇಷ್ಟೇ ನನ್ನ ಬಳಕೆ. ಕೆಲಸಕ್ಕೆ ಕೈಹಾಕುವ ಮುನ್ನ ಕನ್ನಡದಲ್ಲಿ ಮೊದಲಿನಿಂದ ಕೊನೆಯವರೆಗೆ ಯಾರಾದರೂ ಹೇಳಿದ್ದಾರೆಯೇ ಎಂದು ಹುಡುಕಿದೆ, ನನಗೆ ಸಿಗಲಿಲ್ಲ. ಸಿಕ್ಕ ಇಂಗ್ಲಿಷ್ ಬರಹಗಳು ವಿಂಡೋಸ್ ಹಾಕುವ ವಿಧಾನವನ್ನು ಚೆನ್ನಾಗಿಯೇ ವಿವರಿಸುತ್ತವೆ. ಆದರೆ ವಿಂಡೋಸ್ ಹಾಕುವುದು ಈ ಕೆಲಸದ ಚಿಕ್ಕ ಭಾಗ. ಅದಕ್ಕೆ ಮೊದಲು ಏನನ್ನು ಹೇಗೆ ಉಳಿಸಿಕೊಳ್ಳಬೇಕು, ಆಮೇಲೆ ಅದನ್ನು ರೋಗವಿಲ್ಲದೆ ಹೇಗೆ ಮರಳಿ ತರಬೇಕು, ಅದರಲ್ಲೂ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ಕಡತಗಳು ಮತ್ತೆ ಕನ್ನಡವಾಗಿಯೇ ತೆರೆದುಕೊಳ್ಳಬೇಕಾದರೆ ಏನು ಮಾಡಬೇಕು ಎನ್ನುವುದರಲ್ಲಿಯೇ ನನ್ನ ಹೆಚ್ಚಿನ ಸಮಯವೂ ಹೆಚ್ಚಿನ ಆತಂಕವೂ ಕಳೆದವು. ಆದ್ದರಿಂದ ಆ ಭಾಗವನ್ನೇ ಹೆಚ್ಚು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು 2015ರಲ್ಲಿ ಕೊಂಡ ಡೆಸ್ಕ್‌ಟಾಪ್. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬರುವಾಗ ವಿಂಡೋಸ್ 8.1 ಇತ್ತು, ಆ ವರ್ಷ ಉಚಿತವಾಗಿ ಕೊಟ್ಟ ಅವಕಾಶದಲ್ಲಿ ವಿಂಡೋಸ್ 10ಕ್ಕೆ ಏರಿಸಿದ್ದೆವು. ನಿಧಾನವಾಗುವುದು ಹಳೆಯ ಯಂತ್ರದ ಗುಣವೆಂದು ಬಹಳ ಕಾಲ ಸುಮ್ಮನಿದ್ದೆವು. ಆದರೆ ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಕೊಟ್ಟ ಪೆನ್‌ಡ್ರೈವ್ ಮನೆಗೆ ಮರಳಿದ ಮೇಲೆ ಕಂಡ ಲಕ್ಷಣಗಳೇ ಬೇರೆ. ಪೆನ್‌ಡ್ರೈವ್‌ನಲ್ಲಿದ್ದ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಹೆಸರಿನಲ್ಲಿ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳು ಕಾಣಿಸಿಕೊಂಡವು. ಬ್ರೌಸರ್ ತೆರೆದರೆ ಗೊತ್ತಿಲ್ಲದ ಯಾವುದೋ ಹುಡುಕಾಟದ ಪುಟ ಬರುತ್ತಿತ್ತು. ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬರ್ಥದ ಜಾಹೀರಾತುಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಏನೂ ಕೆಲಸ ಮಾಡದಿದ್ದಾಗಲೂ ಡಿಸ್ಕ್ ಎಂಬಲ್ಲಿ 100% ಎಂದೇ ತೋರಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದೆಂದರೆ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ತಾನಾಗಿಯೇ ಆಫ್ ಆಗಿದ್ದು, ಆನ್ ಮಾಡಲು ಹೋದರೆ ಈ ಸೆಟ್ಟಿಂಗ್ ನಿಮ್ಮ ಅಡ್ಮಿನಿಸ್ಟ್ರೇಟರ್ ಹಿಡಿತದಲ್ಲಿದೆ ಎಂಬ ಸೂಚನೆ ಬರುತ್ತಿದ್ದದ್ದು. ಈ ಲಕ್ಷಣ ಕಂಡವರು ಅಂದಿನಿಂದಲೇ ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನು ನಿಲ್ಲಿಸಿಬಿಡಬೇಕು. ನಾನು ಮೊದಲು ಮಾಡಿದ್ದು ಇಂಟರ್‌ನೆಟ್ ಕೇಬಲ್ ಕಿತ್ತಿದ್ದು. ಮರುಕ್ಷಣವೇ ಮೊಬೈಲ್‌ನಿಂದ ಜಿಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಿಸಿದೆ.

ಪಾಸ್‌ವರ್ಡ್ ಬದಲಿಸುವುದರ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಸೋಂಕಿರುವ ಕಂಪ್ಯೂಟರಿನಲ್ಲಿಯೇ ಕುಳಿತು ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದೂ ಕದಿಯುವವರ ಕೈಗೇ ಹೋಗಬಹುದು. ಇಂದಿನ ಎಷ್ಟೋ ವೈರಸ್‌ಗಳು ಪಾಸ್‌ವರ್ಡ್ ಮಾತ್ರವಲ್ಲ, ಬ್ರೌಸರ್‌ನಲ್ಲಿ ಉಳಿದಿರುವ ಲಾಗಿನ್ ಗುರುತುಗಳನ್ನೂ ಕದಿಯುತ್ತವೆ. ಆದ್ದರಿಂದ ಪಾಸ್‌ವರ್ಡ್ ಬದಲಿಸಿದರೆ ಸಾಲದು, ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿಸಿ, ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಬೇಕು. ಹಣವೇ ಹೋಗಿದೆ ಎಂಬ ಸಂಶಯ ಬಂದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ನಮಗೆ ಅಷ್ಟರ ಮಟ್ಟಿಗೆ ಹೋಗುವ ಪ್ರಸಂಗ ಬರಲಿಲ್ಲ.

ಅಳಿಸುವ ನಿರ್ಧಾರಕ್ಕೆ ಬರುವ ಮುಂಚೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಎಂಬುದನ್ನು ಪ್ರಯತ್ನಿಸಿದೆ. ಇದು ಕಂಪ್ಯೂಟರನ್ನು ಮರುಪ್ರಾರಂಭಿಸಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಸುತ್ತದೆ. ಸುಮಾರು ಕಾಲು ಗಂಟೆ ಹಿಡಿಯಿತು. ಕೆಲವನ್ನು ಹಿಡಿದು ತೆಗೆದದ್ದಾಗಿ ವರದಿಯೂ ಬಂತು. ಆದರೆ ಮರುದಿನ ಅವೇ ಲಕ್ಷಣಗಳು, ಬುಡ ಉಳಿಸಿ ಸವರಿದ ಲಂಟಾನದ ಹಾಗೆ, ಮತ್ತೆ ಚಿಗುರಿದ್ದವು. ವಿಂಡೋಸ್‌ನಲ್ಲಿ ನಿಗದಿತ ವೇಳೆಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿಯೊಂದಿರುತ್ತದೆ, ಅದರಲ್ಲಿ ಹೆಸರೇ ಅರ್ಥವಾಗದ ನಮೂದುಗಳು ಕುಳಿತಿದ್ದವು. ಒಂದನ್ನು ತೆಗೆದರೆ ಇನ್ನೊಂದು ಎಲ್ಲಿದೆಯೋ ನನ್ನಂಥವರಿಗೆ ತಿಳಿಯುವುದಿಲ್ಲ. ಏನು ಉಳಿದಿದೆ ಎಂದು ಖಚಿತವಾಗಿ ಹೇಳಲಾಗದಿದ್ದ ಮೇಲೆ ಆ ಯಂತ್ರವನ್ನು ನಂಬುವುದು ಹೇಗೆ? ಪೂರ್ತಿ ಅಳಿಸುವುದೇ ಸರಿ ಎಂದು ಆಗ ನಿಶ್ಚಯವಾಯಿತು.

ಪೇಟೆಯಲ್ಲಿ ವಿಚಾರಿಸಿದಾಗ ಫಾರ್ಮ್ಯಾಟ್‌ಗೆ 700 ರೂಪಾಯಿ ಎಂದರು. ಡೇಟಾ ಉಳಿಸಿಕೊಡುವುದಕ್ಕೆ ಬೇರೆ ಹಣ, ಅದಕ್ಕೂ ಖಾತರಿಯಿಲ್ಲ. ಬೆಲೆ ಹೆಚ್ಚೆಂದು ನನಗೆ ಅನ್ನಿಸಲಿಲ್ಲ. ಅನುಮಾನ ಹುಟ್ಟಿಸಿದ್ದು, ‘ವಿಂಡೋಸ್ ಮತ್ತು ಆಫೀಸ್ ಎರಡನ್ನೂ ಆಕ್ಟಿವೇಟ್ ಮಾಡಿಯೇ ಕೊಡುತ್ತೇವೆ’ ಎಂಬ ಮಾತು. ಹಣ ಕೊಡದ ತಂತ್ರಾಂಶವನ್ನು ಹೀಗೆ ಆಕ್ಟಿವೇಟ್ ಮಾಡುವ ಸಾಧನಗಳನ್ನು ಓಡಿಸಲು ಬಹಳ ಸಲ ಡಿಫೆಂಡರನ್ನು ಆಫ್ ಮಾಡಬೇಕಾಗುತ್ತದೆ, ಅವುಗಳ ಒಳಗೇ ವೈರಸ್ ಅಡಗಿರುವುದೂ ಉಂಟು. ರೋಗ ಬಿಡಿಸಲು ಹೋಗಿ ಅದೇ ಬಾಗಿಲನ್ನು ತೆರೆದಿಟ್ಟುಕೊಂಡು ಬರುವುದು ನನಗೆ ಬೇಡವಾಗಿತ್ತು. ನಮ್ಮ ಯಂತ್ರಕ್ಕೆ ಕೊಳ್ಳುವಾಗಲೇ ಹಣ ಕೊಟ್ಟ ಲೈಸೆನ್ಸ್ ಇದೆ. ವಿಂಡೋಸ್ 8ರ ಕಾಲದಿಂದ ಕಂಪನಿಯ ಸಿದ್ಧ ಕಂಪ್ಯೂಟರುಗಳಲ್ಲಿ ಈ ಲೈಸೆನ್ಸಿನ ಕೀ ಮದರ್‌ಬೋರ್ಡ್ ಎಂಬ ಒಳಗಿನ ಮುಖ್ಯ ಫಲಕದಲ್ಲಿಯೇ ಅಡಕವಾಗಿರುತ್ತದೆ. ಡಿಸ್ಕ್ ಬದಲಿಸಿದರೂ ಅದು ಹೋಗುವುದಿಲ್ಲ. ಈ ಮಾಹಿತಿ ಗೊತ್ತಿಲ್ಲದೆ ಎಷ್ಟೋ ಜನ ತಮ್ಮದೇ ಅಸಲಿ ಲೈಸೆನ್ಸನ್ನು ಬಿಟ್ಟು ನಕಲಿಯನ್ನು ಹಾಕಿಸಿಕೊಂಡು ಬರುತ್ತಾರೆ ಎನ್ನುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅಳಿಸುವ ಮುಂಚೆ ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟವನ್ನೂ ಸಿಸ್ಟಮ್‌ನ ಅಬೌಟ್ ಪುಟವನ್ನೂ ತೆರೆದು, ಡಿಜಿಟಲ್ ಲೈಸೆನ್ಸ್ ಇದೆಯೇ, ಎಡಿಷನ್ ಯಾವುದು ಎಂದು ಬರೆದಿಟ್ಟುಕೊಳ್ಳಿ. ನಮ್ಮದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಭಾರತದಲ್ಲಿ ಮಾರಾಟವಾಗುವ ಮನೆಬಳಕೆಯ ಕಂಪ್ಯೂಟರುಗಳಲ್ಲಿ ಇದೇ ಸಾಮಾನ್ಯ. ಇದರ ಬದಲಿಗೆ ಪ್ರೊ ಹಾಕಿದರೆ ಇದ್ದ ಲೈಸೆನ್ಸ್ ಅದಕ್ಕೆ ಹೊಂದುವುದಿಲ್ಲ.

ಈಗ ಡೇಟಾ ಉಳಿಸುವ ವಿಷಯ. ಸೋಂಕಿರುವ ವಿಂಡೋಸ್ ಓಡುತ್ತಿರುವಾಗಲೇ ಹೊಸ ಎಕ್ಸ್‌ಟರ್ನಲ್ ಡಿಸ್ಕನ್ನು ಸಿಕ್ಕಿಸಿದರೆ, ಪೆನ್‌ಡ್ರೈವ್‌ಗೆ ಆದದ್ದೇ ಅದಕ್ಕೂ ಆಗುತ್ತದೆ. ಕಾಲೇಜಿನಲ್ಲಿ ಓದುವ ನಮ್ಮ ಮನೆಯ ಹುಡುಗಿ ಹೇಳಿದ ಉಪಾಯ ನಮ್ಮನ್ನು ಉಳಿಸಿತು. ಪೆನ್‌ಡ್ರೈವ್ ಒಂದರಲ್ಲಿ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆಯನ್ನು ಹಾಕಿ, ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿದರೆ ವಿಂಡೋಸ್ ನಿದ್ದೆಯಲ್ಲಿಯೇ ಇರುತ್ತದೆ. ವಿಂಡೋಸ್‌ಗೆಂದು ಬರೆದ ವೈರಸ್ ಅಲ್ಲಿ ಓಡುವುದಿಲ್ಲ. ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್‌ಡ್ರೈವ್‌ನಿಂದಲೇ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಅವಳ ಲ್ಯಾಪ್‌ಟಾಪ್‌ನಲ್ಲಿ ರೂಫಸ್ ಎಂಬ ಉಚಿತ ಸಾಧನದಿಂದ ಆ ಪೆನ್‌ಡ್ರೈವ್ ಸಿದ್ಧವಾಯಿತು. ಲ್ಯಾಪ್‌ಟಾಪ್ ಇರುವವರು ಒಂದು ವಿಷಯ ಗಮನಿಸಬೇಕು: ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬಿಟ್‌ಲಾಕರ್ ಎಂಬ ವಿಂಡೋಸ್ ಸೌಲಭ್ಯದಿಂದ ಬೀಗ ಹಾಕಿಕೊಂಡಿರಬಹುದು. ಹಾಗಿದ್ದರೆ ಮೈಕ್ರೋಸಾಫ್ಟ್ ಖಾತೆಯಲ್ಲಿರುವ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹೊರಗಿನಿಂದ ಡಿಸ್ಕ್ ತೆರೆಯುವುದಿಲ್ಲ.

ಮಿಂಟ್ ತೆರೆದು ಹಾರ್ಡ್ ಡಿಸ್ಕಿನ ಮೇಲೆ ಕ್ಲಿಕ್ ಮಾಡಿದಾಗ, ಅದನ್ನು ಓದಲು ಮಾತ್ರ ಸಾಧ್ಯ, ಬರೆಯಲು ಬಾರದು ಎಂಬ ಸೂಚನೆ ಬಂದು ಗಾಬರಿಯಾಯಿತು. ವಿಂಡೋಸ್ 10ರ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಿಂದ, ಶಟ್‌ಡೌನ್ ಮಾಡಿದಾಗಲೂ ಅದು ಪೂರ್ತಿ ಮುಚ್ಚಿಕೊಂಡಿರುವುದಿಲ್ಲ, ಆದ್ದರಿಂದ ಹೀಗಾಗುತ್ತದೆ. ಶಿಫ್ಟ್ ಕೀಯನ್ನು ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೆ ಪೂರ್ತಿ ಮುಚ್ಚುತ್ತದೆ. ಆದರೆ ಪ್ರತಿ ಮಾಡಿಕೊಳ್ಳಲು ಓದುವುದಷ್ಟೇ ಸಾಕಾದ್ದರಿಂದ ನಾವು ಹಾಗೆಯೇ ಮುಂದುವರಿದೆವು. ಮಿಂಟ್‌ನಲ್ಲಿ ಇನ್ನೊಂದು ಅನುಕೂಲ ತಾನಾಗಿಯೇ ಸಿಕ್ಕಿತು. ವೈರಸ್ ಬಚ್ಚಿಟ್ಟಿದ್ದ ಫೋಲ್ಡರುಗಳೆಲ್ಲ ಅಲ್ಲಿ ಕಣ್ಣಿಗೆ ಕಂಡವು. ಸೋಂಕು ತಗುಲಿದ್ದ ಪೆನ್‌ಡ್ರೈವ್‌ನಲ್ಲಿ ಹೆಸರೇ ಇಲ್ಲದ ಒಂದು ಫೋಲ್ಡರ್ ಇತ್ತು, ಕಳೆದೇಹೋದವು ಎಂದುಕೊಂಡಿದ್ದ ಕಡತಗಳೆಲ್ಲ ಅದರೊಳಗೆ ಕ್ಷೇಮವಾಗಿದ್ದವು. ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ಕಡತಗಳನ್ನು ಅಳಿಸುವುದಿಲ್ಲ, ಮರೆಮಾಡುತ್ತದೆ. ಹೀಗಾದವರು ಪೆನ್‌ಡ್ರೈವನ್ನು ಹತಾಶೆಯಿಂದ ಫಾರ್ಮ್ಯಾಟ್ ಮಾಡಿಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಏನೇನು ಪ್ರತಿ ಮಾಡಬೇಕು ಎನ್ನುವುದಕ್ಕೆ ಮನೆಯವರೆಲ್ಲ ಕುಳಿತು ಕಾಗದದ ಮೇಲೆ ಪಟ್ಟಿ ಮಾಡಿದೆವು. ಡಿ ಡ್ರೈವ್‌ನಲ್ಲಿರುವುದು ಎಲ್ಲರಿಗೂ ನೆನಪಾಗುತ್ತದೆ. ನೆನಪಾಗದಿರುವುದು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನ ಒಳಗಿರುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮತ್ತು ಪಿಕ್ಚರ್ಸ್. ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಸಿ ಡ್ರೈವ್‌ನಲ್ಲಿಯೇ ಇರುತ್ತದೆ, ಫಾರ್ಮ್ಯಾಟ್ ಆದರೆ ಅದೂ ಹೋಗುತ್ತದೆ. ಪಹಣಿಯ ಪಿಡಿಎಫ್‌ಗಳು, ಆದಾಯ ತೆರಿಗೆಯ ಸ್ವೀಕೃತಿಗಳು, ಮಕ್ಕಳ ಅಂಕಪಟ್ಟಿಗಳು ನಮ್ಮಲ್ಲಿ ಡೌನ್‌ಲೋಡ್ಸ್‌ನಲ್ಲಿಯೇ ಬಿದ್ದಿದ್ದವು. ಕನ್ನಡಿಗರು ಮರೆಯಲೇಬಾರದ ಇನ್ನೊಂದು ಜಾಗ, ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಅಲ್ಲಿಯೇ ಇರುತ್ತವೆ. ಅವನ್ನು ಬೇರೆಯಾಗಿ ಪ್ರತಿ ಮಾಡಿಕೊಂಡೆ. ಪ್ರತಿ ಮಾಡದೆ ಬಿಟ್ಟದ್ದು ಎಲ್ಲ ಇಎಕ್ಸ್‌ಇ ಕಡತಗಳು (ಒತ್ತಿದರೆ ಓಡುವ ಪ್ರೋಗ್ರಾಂಗಳು), ಶಾರ್ಟ್‌ಕಟ್‌ಗಳು, ವಿಬಿಎಸ್ ಮತ್ತು ಬ್ಯಾಟ್ ಎಂದು ಕೊನೆಗೊಳ್ಳುವ ಕಡತಗಳು, ಹಾಗೂ ಎಂದೋ ಇಳಿಸಿಕೊಂಡಿದ್ದ ತಂತ್ರಾಂಶಗಳ ಸೆಟಪ್‌ಗಳು. ತಂತ್ರಾಂಶವನ್ನು ಮತ್ತೆ ಹೊಸದಾಗಿ ಇಳಿಸಿಕೊಳ್ಳಬಹುದು, ಅದನ್ನು ಉಳಿಸುವುದರಲ್ಲಿ ಅಪಾಯವಿದೆಯೇ ಹೊರತು ಲಾಭವಿಲ್ಲ.

ಹಳೆಯ ಡಿಸ್ಕ್ ಎಷ್ಟು ಬಳಲಿತ್ತೆಂದರೆ ಫೋಟೋಗಳ ಒಂದು ಫೋಲ್ಡರ್ ಪ್ರತಿಯಾಗುವುದಕ್ಕೇ ಅರ್ಧ ದಿನ ಬೇಕಾಯಿತು. ನಡುನಡುವೆ ಪ್ರತಿಯಾಗುವುದು ನಿಂತುಬಿಡುತ್ತಿತ್ತು, ಒಳಗಿನಿಂದ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ಮಿಂಟ್‌ನಲ್ಲಿಯೇ ಇರುವ ಡಿಸ್ಕ್ಸ್ ಎಂಬ ಸಾಧನದಲ್ಲಿ ಡಿಸ್ಕಿನ ಆರೋಗ್ಯದ ವರದಿ ನೋಡಿದಾಗ ಕೆಲವು ಜಾಗಗಳು ಹಾಳಾಗಿರುವುದು ತಿಳಿಯಿತು. ಅಂದರೆ ನಿಧಾನಕ್ಕೆ ಕಾರಣ ವೈರಸ್ ಒಂದೇ ಅಲ್ಲ, ಡಿಸ್ಕ್ ಕೂಡ ಹೌದು. ಅದೇ ಡಿಸ್ಕಿನ ಮೇಲೆ ವಿಂಡೋಸ್ ಹಾಕಿದ್ದರೆ ಎಲ್ಲ ಶ್ರಮವೂ ವ್ಯರ್ಥವಾಗುತ್ತಿತ್ತು. ಹಾಗಾಗಿ ವಿಂಡೋಸ್‌ಗೆಂದು 240 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಒಂದನ್ನು ಕೊಳ್ಳುವುದೆಂದು ತೀರ್ಮಾನವಾಯಿತು. ಪ್ರತಿ ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರುಗಳ ಗಾತ್ರವನ್ನೂ ಕಡತಗಳ ಸಂಖ್ಯೆಯನ್ನೂ ಹೋಲಿಸಿ, ಅಲ್ಲೊಂದು ಇಲ್ಲೊಂದು ಕಡತವನ್ನು ತೆರೆದು ನೋಡಿದೆ. ಎರಡು ವರ್ಷದ ಹಿಂದೆ ತೀರಿಕೊಂಡ ಮಾವನವರ ಟಿಪ್ಪಣಿಗಳ ಫೋಲ್ಡರನ್ನು ಮಾತ್ರ ಇನ್ನೊಂದು ಪೆನ್‌ಡ್ರೈವ್‌ಗೂ ಹಾಕಿ ಅಲ್ಮೇರಾದಲ್ಲಿಟ್ಟೆ. ಅದಕ್ಕೆ ಬೇರೆಲ್ಲೂ ಪ್ರತಿಯಿರಲಿಲ್ಲ. ಆ ಫೋಲ್ಡರ್ ಪೂರ್ತಿ ಬಂದಿತೆಂದು ಕಣ್ಣಾರೆ ಕಂಡಮೇಲೆಯೇ ನನಗೆ ರಾತ್ರಿ ನಿದ್ದೆ ಬಂದದ್ದು.

ವಿಂಡೋಸ್‌ನ ಪೆನ್‌ಡ್ರೈವನ್ನು ಕೂಡ ಸೋಂಕಿಲ್ಲದ ಕಂಪ್ಯೂಟರಿನಲ್ಲಿಯೇ ತಯಾರಿಸಬೇಕು. ಮೈಕ್ರೋಸಾಫ್ಟ್‌ನ ಜಾಲತಾಣದಲ್ಲಿಯೇ ಅದನ್ನು ತಯಾರಿಸುವ ವಿಂಡೋಸ್ 10ರ ಮೀಡಿಯಾ ಕ್ರಿಯೇಶನ್ ಟೂಲ್ ಉಚಿತವಾಗಿ ಸಿಗುತ್ತದೆ. ಅದಕ್ಕೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ನಾವು ಸಿಕ್ಕಿಹಾಕಿಕೊಂಡದ್ದು ಇಂಟರ್‌ನೆಟ್‌ನಲ್ಲಿ. ಶಿರಸಿಯಿಂದ ಒಳಗಿರುವ ನಮ್ಮ ಊರಿನಲ್ಲಿ ಮನೆಯ ಲೈನ್ ಕೆಟ್ಟಿತ್ತು. ಇಳಿಸಬೇಕಾದದ್ದು 4 ಜಿಬಿಗಿಂತ ಹೆಚ್ಚು, ಮೊಬೈಲ್ ಯೋಜನೆಯಲ್ಲಿ ಸಿಗುವುದು ದಿನಕ್ಕೆ 2 ಜಿಬಿ. ಅರ್ಧಕ್ಕೆ ಡೇಟಾ ಮುಗಿದು ವೇಗ ಕುಸಿದ ಮೇಲೆ, ಹೆಚ್ಚುವರಿ ಡೇಟಾ ಪ್ಯಾಕ್ ಹಾಕಿಸಿಕೊಳ್ಳುವ ಬದಲು ಹುಡುಗಿಯೇ ಲ್ಯಾಪ್‌ಟಾಪನ್ನು ಹಾಸ್ಟೆಲ್ಲಿಗೆ ಒಯ್ದು ಅಲ್ಲಿಂದ ಇಳಿಸಿ ತಂದಳು. ಹಳ್ಳಿಯಲ್ಲಿರುವವರು ಇದನ್ನು ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು. ಅದೇ ಹೊತ್ತಿನಲ್ಲಿ ಕಂಪ್ಯೂಟರ್ ಕಂಪನಿಯ ಜಾಲತಾಣದಿಂದ ನಮ್ಮ ಮಾದರಿಯ ನೆಟ್‌ವರ್ಕ್ ಡ್ರೈವರನ್ನೂ (ಆ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಪ್ರಿಂಟರಿನ ಡ್ರೈವರನ್ನೂ ಇಳಿಸಿಕೊಂಡಿರಬೇಕು. ಹೊಸ ವಿಂಡೋಸ್‌ಗೆ ನೆಟ್‌ವರ್ಕ್ ಡ್ರೈವರ್ ಗುರುತು ಸಿಗದಿದ್ದರೆ, ಅದನ್ನು ಇಳಿಸಿಕೊಳ್ಳಲು ಬೇಕಾದ ಇಂಟರ್‌ನೆಟ್ಟೇ ಇರುವುದಿಲ್ಲ.

ಕ್ಯಾಬಿನೆಟ್ ಬಿಚ್ಚಿದಾಗ ಒಳಗೆ ಧೂಳು ಹಾಸಿನಂತೆ ಕುಳಿತಿತ್ತು, ಒಂದು ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಚಿಪ್ಪುಗಳಿದ್ದವು, ಪ್ರೊಸೆಸರಿನ ಫ್ಯಾನು ತಿರುಗಲು ತಿಣುಕುವ ಸ್ಥಿತಿಯಲ್ಲಿತ್ತು. ವೈರು ಕಿತ್ತು, ಪವರ್ ಬಟನ್ನನ್ನು ಕೆಲಹೊತ್ತು ಒತ್ತಿಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ, ಒಣ ಬ್ರಷ್‌ನಿಂದ ಮೆಲ್ಲಗೆ ತೆಗೆದೆವು. ಎಸ್‌ಎಸ್‌ಡಿ ಜೋಡಿಸಲು ಸಾಟಾ ಕೇಬಲ್ಲು ಮತ್ತು ಚಿಕ್ಕ ಡಿಸ್ಕನ್ನು ದೊಡ್ಡ ಜಾಗದಲ್ಲಿ ಕೂರಿಸುವ ಚೌಕಟ್ಟು ಬೇಕು, ಅವು ಎಸ್‌ಎಸ್‌ಡಿಯ ಪೆಟ್ಟಿಗೆಯಲ್ಲಿ ಇರಲಿಲ್ಲ. ಇಲ್ಲಿ ಅತ್ಯಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ವಿಂಡೋಸ್ ಹಾಕುವಾಗ ಹಳೆಯ ಡಿಸ್ಕಿನ ಕೇಬಲ್ಲನ್ನು ಕಿತ್ತಿಟ್ಟಿರಬೇಕು. ಎರಡೂ ಜೋಡಿಸಿದ್ದರೆ ವಿಂಡೋಸ್ ಹೊಸ ಡಿಸ್ಕಿಗೆ ಹೋದರೂ, ಅದನ್ನು ಎಬ್ಬಿಸುವ ಬೂಟ್ ಕಡತಗಳು ಹಳೆಯ ಡಿಸ್ಕಿನಲ್ಲಿಯೇ ಉಳಿಯಬಹುದು. ನಾಳೆ ಹಳೆಯದನ್ನು ಅಳಿಸಿದ ದಿನ ಕಂಪ್ಯೂಟರ್ ಏಳುವುದೇ ಇಲ್ಲ. ಕೇಬಲ್ ಕಿತ್ತಿದ್ದರೆ, ಏನೇ ಒತ್ತಿದರೂ ಹಳೆಯ ಕಡತಗಳಿಗೆ ಕೈ ತಾಗುವುದಿಲ್ಲ ಎಂಬ ಧೈರ್ಯವೂ ಇರುತ್ತದೆ. ಹೊಸಬರಿಗೆ ಈ ಧೈರ್ಯ ಬಹಳ ದೊಡ್ಡದು.

ಕಂಪ್ಯೂಟರನ್ನು ಪೆನ್‌ಡ್ರೈವ್‌ನಿಂದ ಎಬ್ಬಿಸಲು, ಆನ್ ಮಾಡಿದ ಕೂಡಲೇ ಒಂದು ಕೀಯನ್ನು ಒತ್ತುತ್ತಲೇ ಇರಬೇಕು. ಕಂಪನಿಯಿಂದ ಕಂಪನಿಗೆ ಅದು ಬೇರೆ: ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಬರುವ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಬಹುದು. ಯುಇಎಫ್ಐ ಎಂದು ಮೊದಲಿಗೆ ಬರೆದಿರುವುದನ್ನು ಆರಿಸಬೇಕು. ಅದಕ್ಕೆ ಮುಂಚೆ ಸಿಪಿಯುವನ್ನೂ ಮಾನಿಟರನ್ನೂ ಇನ್ವರ್ಟರ್ ಲೈನಿಗೆ ಬದಲಿಸಿಕೊಂಡಿದ್ದೆವು, ಏಕೆಂದರೆ ಇನ್‌ಸ್ಟಾಲ್ ನಡುವೆ ಕರೆಂಟು ಹೋದರೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆ ಸಂಜೆ ಕರೆಂಟು ಹೋಯಿತು ಕೂಡ, ಕೆಲಸ ನಿಲ್ಲಲಿಲ್ಲ.

ಮುಂದಿನದು ಸುಲಭ. ಕೀ ಕೇಳುವ ಪ್ರಶ್ನೆಯೇ ನಮಗೆ ಬರಲಿಲ್ಲ, ಮದರ್‌ಬೋರ್ಡ್‌ನಿಂದ ತಾನೇ ಓದಿಕೊಂಡಿತು. ಬಂದರೆ ‘ನನ್ನಲ್ಲಿ ಕೀ ಇಲ್ಲ’ ಎಂಬುದನ್ನು ಒತ್ತಿ, ಬರೆದಿಟ್ಟುಕೊಂಡ ಎಡಿಷನ್ ಆರಿಸಿದರಾಯಿತು. ಅಪ್‌ಗ್ರೇಡ್ ಮತ್ತು ಕಸ್ಟಮ್ ಎಂಬ ಎರಡರಲ್ಲಿ ಕಸ್ಟಮ್ ಬೇಕು. ಹೊಸ ಎಸ್‌ಎಸ್‌ಡಿ ‘ಅನ್‌ಅಲೊಕೇಟೆಡ್ ಸ್ಪೇಸ್’ ಎಂದು ಕಾಣಿಸುತ್ತದೆ, ಅದನ್ನೇ ಆರಿಸಿ ಮುಂದುವರಿಯಬೇಕು. ಹಳೆಯ ಡಿಸ್ಕಿನ ಮೇಲೆಯೇ ಹಾಕುವವರು ಅಲ್ಲಿ ಕಾಣುವ ಪಾರ್ಟಿಷನ್‌ಗಳನ್ನೆಲ್ಲ (ಡಿಸ್ಕಿನ ವಿಭಾಗಗಳನ್ನು) ಅಳಿಸಬೇಕಾಗುತ್ತದೆ. ಆ ಕ್ಷಣದ ನಂತರ ಹಿಂದಿರುಗುವ ದಾರಿಯಿಲ್ಲ. ಸುಮಾರು ಇಪ್ಪತ್ತು ನಿಮಿಷದಲ್ಲಿ ಹೊಸ ವಿಂಡೋಸ್ ಹೆಸರು ಕೇಳಿತು. ಇಂಟರ್‌ನೆಟ್ ಇಲ್ಲ ಎಂದು ಆರಿಸಿ, ಲೋಕಲ್ ಖಾತೆಯನ್ನೇ ಮಾಡಿಕೊಂಡೆ.

ಯಾರೂ ಹೇಳದಿದ್ದ ತೊಡಕು ಆಮೇಲೆ ಬಂತು. ಮೊಬೈಲಿನಿಂದ ಇಂಟರ್‌ನೆಟ್ ಜೋಡಿಸಿದ ಮೇಲೆ ಯಾವ ಪುಟ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತಿತ್ತು, ವಿಂಡೋಸ್ ಆಕ್ಟಿವೇಟ್ ಆಗಲಿಲ್ಲ, ಅಪ್‌ಡೇಟ್ ಇಳಿಯಲಿಲ್ಲ. ವೈರಸ್ ಇನ್ನೂ ಉಳಿದಿದೆಯೇ ಎಂದು ಎದೆ ನಡುಗಿತು. ಕೊನೆಗೆ ಹುಡುಗಿಯ ಕಣ್ಣು ಪರದೆಯ ಮೂಲೆಯ ದಿನಾಂಕದ ಮೇಲೆ ಬಿತ್ತು: 2015ರ ಜನವರಿ. ಮದರ್‌ಬೋರ್ಡ್‌ನಲ್ಲಿ ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ, ಹೆಸರು ಸಿಆರ್2032. ಹತ್ತು ವರ್ಷದಲ್ಲಿ ಅದು ಸತ್ತಿತ್ತು, ಕ್ಯಾಬಿನೆಟ್ ಬಿಚ್ಚಲು ವೈರು ಕಿತ್ತಾಗ ದಿನಾಂಕ ಹಿಂದಕ್ಕೆ ಓಡಿತ್ತು. ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಗಳಿಗೆ ನಿಗದಿತ ಅವಧಿ ಇರುವುದರಿಂದ, ದಿನಾಂಕ ತಪ್ಪಿದ್ದರೆ ಕಂಪ್ಯೂಟರ್ ಯಾವುದನ್ನೂ ನಂಬುವುದಿಲ್ಲ. ವಾಚ್ ರಿಪೇರಿಯವರ ಬಳಿ 50 ರೂಪಾಯಿಗೆ ಬ್ಯಾಟರಿ ಸಿಕ್ಕಿತು. ದಿನಾಂಕ ಸರಿಯಾದ ಕೂಡಲೇ ಆಕ್ಟಿವೇಶನ್ ತಾನಾಗಿಯೇ ಆಯಿತು. ಅಪ್‌ಡೇಟ್‌ಗಳು ಇಳಿಯಲು ಮಾತ್ರ ಮನೆಯ ಲೈನ್ ಸರಿಯಾಗುವವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ವೈಫೈ ಸೆಟ್ಟಿಂಗಿನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿಟ್ಟು ಮೊಬೈಲ್ ಡೇಟಾ ಉಳಿಸಿಕೊಂಡೆವು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು, ಇಂಟೆಲ್ ಆದರೆ, ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. ನಮ್ಮ ಯಂತ್ರ ಅದಕ್ಕೆ ಅರ್ಹವಲ್ಲ. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್‌ಗಳನ್ನು ಮುಂದುವರಿಸುವ ಇಎಸ್‌ಯು ಎಂಬ ವ್ಯವಸ್ಥೆ ಇದೆ. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ, ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡದೆಯೂ ಸೇರಬಹುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಅದರ ಕೊಂಡಿ ಕಾಣುತ್ತದೆ. ನಾನು ಸೇರಿದ್ದೇನೆ. ಆ ಅವಧಿ ಮುಗಿದ ಮೇಲೆ ಇದರಲ್ಲಿ ಲಿನಕ್ಸ್ ಮಿಂಟನ್ನೇ ಹಾಕಿಕೊಳ್ಳುವ ಮನಸ್ಸಿದೆ. ಆಫೀಸಿನ ಬದಲು ಲಿಬ್ರೆ ಆಫೀಸ್ ಹಾಕಿಕೊಂಡಿದ್ದೇನೆ, ತೋಟದ ಲೆಕ್ಕದ ಎಕ್ಸೆಲ್ ಕಡತಗಳು ಅದರಲ್ಲಿ ಚೆನ್ನಾಗಿ ತೆರೆದುಕೊಂಡವು.

ಕಡತಗಳನ್ನು ಮರಳಿ ತರುವ ಮುಂಚೆ ಎರಡು ಕೆಲಸ ಮಾಡಿದೆ. ಒಂದು, ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಎಂಬಲ್ಲಿ ಕಡತಗಳ ವಿಸ್ತರಣೆಯನ್ನು ಕಾಣುವಂತೆ ಮಾಡಿದ್ದು. ಫೋಟೋದಂತೆ ಕಾಣುವ ಕಡತದ ಹೆಸರಿನ ಕೊನೆಯಲ್ಲಿ ಇಎಕ್ಸ್‌ಇ ಇದ್ದರೆ ಆಗ ಸಿಕ್ಕಿಬೀಳುತ್ತದೆ. ಎರಡನೆಯದು, ಸಿಕ್ಕಿಸಿದ ಡಿಸ್ಕ್ ತಾನಾಗಿ ತೆರೆದುಕೊಳ್ಳುವ ಆಟೋಪ್ಲೇಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ಡಿಫೆಂಡರ್ ಅಪ್‌ಡೇಟ್ ಆದ ಮೇಲೆ ಎಕ್ಸ್‌ಟರ್ನಲ್ ಡಿಸ್ಕನ್ನು ಸಿಕ್ಕಿಸಿ, ಯಾವ ಫೋಲ್ಡರನ್ನೂ ತೆರೆಯದೆ ಇಡೀ ಡಿಸ್ಕನ್ನು ಸ್ಕ್ಯಾನ್ ಮಾಡಿದ್ದು. ಕೆಲವು ಗಂಟೆ ಹಿಡಿಯಿತು. ಫೋಟೋಗಳ ನಡುವೆ ಅಡಗಿ ಬಂದಿದ್ದ ಒಂದು ಕಡತವನ್ನು ಅದು ಹಿಡಿಯಿತು. ಸ್ಕ್ಯಾನ್ ಮಾಡದೆ ತೆರೆಯುವ ಆತುರವನ್ನು ಯಾರೂ ಮಾಡಬಾರದು.

ಇನ್ನು ಮಾವನವರ ಟಿಪ್ಪಣಿಗಳು. ಮೊದಲ ಕಡತ ತೆರೆದಾಗ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಗೆರೆಗಳಿರುವ ಯೂರೋಪಿನ ಅಕ್ಷರಗಳು, ಅರ್ಥವಿಲ್ಲದ ಚಿಹ್ನೆಗಳು ಸಾಲುಸಾಲಾಗಿ ತುಂಬಿದ್ದವು. ಕಡತ ಹಾಳಾಗಿಲ್ಲ ಎನ್ನುವುದನ್ನು ಇಂಥದ್ದನ್ನು ಕಂಡವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ, ಕಡತದೊಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಾಗಿಯೇ ಉಳಿದಿರುತ್ತದೆ. ಅವನ್ನು ಕನ್ನಡದ ಆಕಾರದಲ್ಲಿ ತೋರಿಸುವುದು ಫಾಂಟಿನ ಕೆಲಸ. ಫಾಂಟ್ ಇಲ್ಲದಿದ್ದರೆ ಸಂಕೇತಗಳು ಬರಿದಾಗಿ ಕಾಣುತ್ತವೆ. ಪ್ರತಿ ಮಾಡಿಟ್ಟಿದ್ದ ಫಾಂಟುಗಳನ್ನು ಆರಿಸಿ, ಮೌಸಿನ ಬಲ ಬಟನ್ ಒತ್ತಿ ಇನ್‌ಸ್ಟಾಲ್ ಕೊಟ್ಟು, ಕಡತವನ್ನು ಮುಚ್ಚಿ ತೆರೆದೆ. ಕರ್ಣಪರ್ವದ ಟಿಪ್ಪಣಿ, ಅವರದೇ ಅಂಕಣ ವಿನ್ಯಾಸದಲ್ಲಿ, ಮೊದಲಿದ್ದಂತೆಯೇ ಎದುರಿಗೆ ನಿಂತಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆದರೂ ಈ ಕಡತಗಳನ್ನು ಫಾಂಟಿನ ಹಂಗಿನಲ್ಲಿಯೇ ಬಿಡುವುದು ಕ್ಷೇಮವಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್‌ಗೆ ಬದಲಿಸಿದರೆ ಯಾವ ಕಂಪ್ಯೂಟರಿನಲ್ಲಿಯೂ, ಮೊಬೈಲಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಲೂ ಬರುತ್ತದೆ. ನುಡಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರೊಂದಿಗೆ ಪರಿವರ್ತಕವೂ ಇದೆ. ಪರಿವರ್ತನೆಯಾದ ಮೇಲೆ ಕಣ್ಣಿಟ್ಟು ಓದಲೇಬೇಕು. ನಮ್ಮಲ್ಲಿ ಕೆಲವೆಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿತ್ತು, ಕೆಲವೆಡೆ ಒತ್ತಕ್ಷರ ಕಳಚಿತ್ತು, ನಡುವೆ ಬಂದ ಇಂಗ್ಲಿಷ್ ಪದಗಳು ಕನ್ನಡದ ಅಕ್ಷರಗಳಾಗಿ ಕಲಸಿಹೋಗಿದ್ದವು. ಆದ್ದರಿಂದ ಮೂಲ ಕಡತವನ್ನು ಅಳಿಸದೆ, ಫಾಂಟಿನ ಜೊತೆ ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಹೊಸದಾಗಿ ಟೈಪ್ ಮಾಡುವವರಿಗೆ ವಿಂಡೋಸ್‌ನ ಲ್ಯಾಂಗ್ವೇಜ್ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ, 2019ರ ನಂತರದ ಆವೃತ್ತಿಗಳಲ್ಲಿ ಫೊನೆಟಿಕ್ ಕೀಲಿಮಣೆಯೂ ಸಿಗುತ್ತವೆ. ನುಡಿಯ ವಿನ್ಯಾಸಕ್ಕೆ ಒಗ್ಗಿದ ಕೈಗೆ ನುಡಿಯೇ ಬೇಕು.

ಖರ್ಚಿನ ಲೆಕ್ಕ: ಎಸ್‌ಎಸ್‌ಡಿ 2,100 ರೂಪಾಯಿ, 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ 4,500, ಎರಡು ಪೆನ್‌ಡ್ರೈವ್‌ಗಳು 800, ಸಾಟಾ ಕೇಬಲ್ 100, ಚೌಕಟ್ಟು 120, ಬ್ಯಾಟರಿ 50, ಒಟ್ಟು 7,670. ಅಂಗಡಿಯ 700ಕ್ಕೆ ಹೋಲಿಸಿದರೆ ಬಹಳವೇ. ಎಕ್ಸ್‌ಟರ್ನಲ್ ಡಿಸ್ಕ್ ಈಗಾಗಲೇ ಇರುವವರಿಗೆ ಖರ್ಚು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದರೆ ಅದನ್ನು ಕೊಳ್ಳದೆ ಉಳಿಸುವ ಹಣ ನನ್ನ ದೃಷ್ಟಿಯಲ್ಲಿ ಉಳಿತಾಯವಲ್ಲ.

ಎಲ್ಲವೂ ಮರಳಿ ಬಂದಿದೆ ಎಂದು ಖಚಿತವಾದ ಮೇಲಷ್ಟೇ ಹಳೆಯ ಡಿಸ್ಕನ್ನು ಅಳಿಸಲು ತೆಗೆದುಕೊಂಡೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಡಿಸ್ಕ್‌ಪಾರ್ಟ್ ಎಂದು ಕೊಟ್ಟು, ಲಿಸ್ಟ್ ಡಿಸ್ಕ್ ಎಂದರೆ ಜೋಡಿಸಿರುವ ಡಿಸ್ಕ್‌ಗಳು ಸಂಖ್ಯೆಯೊಂದಿಗೆ ಕಾಣುತ್ತವೆ. ಎಕ್ಸ್‌ಟರ್ನಲ್ ಡಿಸ್ಕ್ ಕೂಡ 1 ಟಿಬಿಯೇ ಆದ್ದರಿಂದ, ಅದನ್ನು ಮೊದಲೇ ಕಿತ್ತು ಬೇರೆ ಕೋಣೆಯಲ್ಲಿ ಇಟ್ಟಿದ್ದೆ. ಗಾತ್ರ ನೋಡಿ ಸಂಖ್ಯೆಯನ್ನು ಆರಿಸಿ, ಕ್ಲೀನ್ ಎಂದರೆ ಪಾರ್ಟಿಷನ್‌ಗಳ ಮಾಹಿತಿ ಮಾತ್ರ ಹೋಗುತ್ತದೆ, ಒಳಗಿನ ಕಡತಗಳನ್ನು ಬಲ್ಲವರು ಮರಳಿ ತೆಗೆಯಬಹುದು. ಕ್ಲೀನ್ ಆಲ್ ಎಂದರೆ ಡಿಸ್ಕಿನ ಉದ್ದಕ್ಕೂ ಸೊನ್ನೆಗಳನ್ನು ಬರೆಯುತ್ತದೆ. ಕಂಪ್ಯೂಟರನ್ನೋ ಡಿಸ್ಕನ್ನೋ ಗುಜರಿಗೆ ಕೊಡುವವರು, ಮಾರುವವರು ಎರಡನೆಯದನ್ನೇ ಮಾಡಬೇಕು, ಏಕೆಂದರೆ ಅದರಲ್ಲಿ ಮನೆಯವರೆಲ್ಲರ ಆಧಾರ್, ಪಾನ್, ಬ್ಯಾಂಕಿನ ಪಾಸ್‌ಪುಸ್ತಕಗಳ ಸ್ಕ್ಯಾನ್‌ಗಳಿರುತ್ತವೆ. ಎಸ್‌ಎಸ್‌ಡಿಗಳಿಗೆ ಈ ವಿಧಾನ ಸೂಕ್ತವಲ್ಲ, ಅವಕ್ಕೆ ತಯಾರಕರ ಸಾಧನಗಳಲ್ಲಿಯೇ ಬೇರೆ ಆಯ್ಕೆ ಇರುತ್ತದೆ. ನಮ್ಮ ಬಳಲಿದ ಡಿಸ್ಕಿಗೆ ಕ್ಲೀನ್ ಆಲ್ ಮುಗಿಸಲು ಇಡೀ ರಾತ್ರಿ ಬೇಕಾಯಿತು. ಪರದೆಯ ಮೇಲೆ ಏನೂ ಚಲಿಸುವುದಿಲ್ಲ, ಎಷ್ಟು ಆಗಿದೆಯೆಂದು ತಿಳಿಯುವುದಿಲ್ಲ, ನಡುವೆ ನಿಲ್ಲಿಸದೆ ಕಾಯಬೇಕು ಅಷ್ಟೇ. ಬೆಳಿಗ್ಗೆ ಮುಗಿದಿತ್ತು. ಅದನ್ನು ಮತ್ತೆ ಕ್ಯಾಬಿನೆಟ್ಟಿನೊಳಗೆ ಜೋಡಿಸಲಿಲ್ಲ. ಹಾಳಾದ ಜಾಗಗಳಿರುವ ಡಿಸ್ಕಿನಲ್ಲಿ ಇಡುವಂಥ ಕಡತ ಯಾವುದೂ ನಮ್ಮಲ್ಲಿಲ್ಲ.